ಹೊರಗೆ ವಿಶ್ವವಿದ್ಯಾಲಯದ ಬೋರ್ಡು, ಒಳಗೆ ಏನು?

2025ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸುದ್ದಿ ಓಡಾಡಿತು: ಬೀದರ್ ವಿಶ್ವವಿದ್ಯಾಲಯ ಉಳಿಯಿತು. ರಾಜ್ಯ ಸಚಿವ ಸಂಪುಟದ ಉಪಸಮಿತಿ 9 ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಅಂತ ಹೇಳಿತ್ತು. ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಮಂಡ್ಯ, ಕೊಡಗು, ಚಾಮರಾಜನಗರ ಎಲ್ಲ ಆ ಪಟ್ಟಿಯಲ್ಲಿದ್ದವು. ಬೀದರ್ ಇರಲಿಲ್ಲ. ಮಂದಿ ಖುಷಿಪಟ್ಟರು. ನಾವೂ ಪಟ್ಟೆವು.

ಆದರೆ ಯಾಕೆ ಉಳಿಯಿತು ಅಂತ ಯಾರಾದರೂ ಕೇಳಿದೆವಾ? ಇದಕ್ಕೆ ಸೇರಿದ ಕಾಲೇಜುಗಳ ಸಂಖ್ಯೆ ಉಳಿದವುಗಳಿಗಿಂತ ಹೆಚ್ಚು, ಅದಕ್ಕೆ ಉಳಿಯಿತು. ಪರೀಕ್ಷೆ ಬರೆಯುವವರು ಹೆಚ್ಚು, ಫೀಸು ಕಟ್ಟುವವರು ಹೆಚ್ಚು, ಮಾರ್ಕ್ಸ್ ಕಾರ್ಡ್ ಹೆಚ್ಚು. ಇಲ್ಲಿ ಇಂಥ ಸಂಶೋಧನೆ ನಡೆಯುತ್ತಿದೆ, ಇದನ್ನು ಮುಚ್ಚಿದರೆ ನಾಡಿಗೆ ನಷ್ಟ ಅಂತ ಒಬ್ಬರೂ ವಾದ ಮಾಡಲಿಲ್ಲ. ನಮ್ಮ ಪರವಾಗಿ ಮಾತಾಡಿದವರೂ ಆ ವಾದ ಮಾಡಲಿಲ್ಲ.

ನಮ್ಮ ತಕರಾರು ಇರುವುದು ಇಲ್ಲೇ. ಉಳಿಸಿ ಅಂತ ಕೇಳಿದ್ದು ಸಾಕು, ಕಟ್ಟಿ ಅಂತ ಕೇಳಬೇಕು. ಕಟ್ಟುವುದು ಅಂದರೆ ಏನು ಅಂತ ಗೊತ್ತಾಗಲು ರಾಜ್ಯದ ಇನ್ನೊಂದು ತುದಿಯ ಒಂದು ಭೌತಶಾಸ್ತ್ರ ವಿಭಾಗದ ಕಥೆ ನೋಡೋಣ. ಹೆದರಬೇಡಿ, ಪಾಠ ಮಾಡುವುದಿಲ್ಲ.

ಒಂದೇ ವರ್ಷ ಹುಟ್ಟಿದ ಎರಡು ವಿ.ವಿ.

ಬೀದರ್ ವಿ.ವಿ. ಬರುವ ಮುಂಚೆ ನಮ್ಮ ಕಾಲೇಜುಗಳೆಲ್ಲ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗೆ ಇದ್ದವು. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಈಗ ಬೀದರ್ ವಿ.ವಿ. ಇರುವ ಜಾಗ ಮೊದಲು ಅದರ ಸ್ನಾತಕೋತ್ತರ ಕೇಂದ್ರವಾಗಿತ್ತು. ಆ ಗುಲಬರ್ಗಾ ವಿ.ವಿ. ಹುಟ್ಟಿದ್ದು 1980ರಲ್ಲಿ. ಅದಕ್ಕೂ ಮುಂಚೆ ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ.

ಅದೇ 1980ರಲ್ಲಿ ಇನ್ನೊಂದು ವಿ.ವಿ. ಹುಟ್ಟಿತು, ಮಂಗಳೂರಿನದು. ಅದೂ ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ, 1968ರಿಂದ. ಊರ ಹೊರಗೆ ಕೊಣಾಜೆಯ ಗುಡ್ಡದ ಮೇಲೆ. ಎರಡೂ ಒಂದೇ ವಯಸ್ಸಿನವು, ಎರಡೂ ದೊಡ್ಡ ವಿ.ವಿ.ಯ ಕೂಸುಗಳು.

ಇವತ್ತು ಕೊಣಾಜೆಯಲ್ಲಿ ಒಂದು ಯಂತ್ರ ಇದೆ. ಹೆಸರು ಮೈಕ್ರೋಟ್ರಾನ್. ಇದು ಕಣ ವೇಗವರ್ಧಕ. ಹೀಗೆ ಸ್ವಂತ ವೇಗವರ್ಧಕ ಇಟ್ಟುಕೊಂಡು ಸಂಶೋಧನೆ ಮಾಡುವ ವಿ.ವಿ.ಗಳು ದೇಶದಲ್ಲೇ ಬೆರಳೆಣಿಕೆಯಷ್ಟು.

ಕಣ ಅಂದರೆ ನಮಗೆ ಗೊತ್ತಿರುವ ಕಣವೇ

ನಮ್ಮ ಕಡೆ ಕಣ ಅಂದರೆ ರಾಶಿ ಮಾಡುವ ಜಾಗ. ನಡುವೆ ಮೇಟಿ, ಸುತ್ತ ಎತ್ತು. ಎತ್ತು ಸುತ್ತಿ ಸುತ್ತಿ ಒಂದೇ ಜಾಗಕ್ಕೆ ಬರುತ್ತದೆ. ಬಂದಾಗಲೆಲ್ಲ ಅಲ್ಲಿ ನಿಂತವನು ಒಂದು ಚಾಟಿ ಝಳಪಿಸಿದರೆ ಸುತ್ತು ಸುತ್ತಿಗೂ ಎತ್ತಿನ ಓಟ ಜೋರಾಗುತ್ತದೆ.

ಮೈಕ್ರೋಟ್ರಾನ್ ಮಾಡುವುದು ಇದನ್ನೇ. ಎತ್ತಿನ ಬದಲು ಎಲೆಕ್ಟ್ರಾನು. ಮೇಟಿಯ ಹಗ್ಗದ ಬದಲು ದೊಡ್ಡ ಅಯಸ್ಕಾಂತ, ಅದು ಎಲೆಕ್ಟ್ರಾನನ್ನು ವೃತ್ತದಲ್ಲಿ ತಿರುಗಿಸುತ್ತದೆ. ಚಾಟಿಯ ಬದಲು ಮೈಕ್ರೋವೇವ್ ತುಂಬಿದ ಸಣ್ಣ ಲೋಹದ ಡಬ್ಬಿ. ಪ್ರತಿ ಸುತ್ತಿಗೆ ಎಲೆಕ್ಟ್ರಾನು ಆ ಡಬ್ಬಿಯೊಳಗೆ ಹಾದು ಒಂದು ತಳ್ಳು ತಗೊಳ್ಳುತ್ತದೆ. ಶಕ್ತಿ ಹೆಚ್ಚಿದಂತೆ ವೃತ್ತ ದೊಡ್ಡದಾಗುತ್ತದೆ. ಕೊನೆಯ ಸುತ್ತಿನಲ್ಲಿ ಎಲೆಕ್ಟ್ರಾನನ್ನು ಹೊರಗೆ ಎಳೆದು, ಬೇಕಾದ ವಸ್ತುವಿನ ಮೇಲೆ ಬಿಡುತ್ತಾರೆ.

ಕೊಣಾಜೆಯ ಯಂತ್ರದಿಂದ ಹೊರಬರುವ ಎಲೆಕ್ಟ್ರಾನಿನ ಶಕ್ತಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಗಡಿಯಾರದ ಸೆಲ್ಲು ಒಂದು ಎಲೆಕ್ಟ್ರಾನಿಗೆ ಕೊಡುವ ಶಕ್ತಿ ಒಂದೂವರೆ ಎಲೆಕ್ಟ್ರಾನ್ ವೋಲ್ಟ್. ಲೆಕ್ಕ ನೀವೇ ಹಾಕಿ. ಇಷ್ಟಾದರೂ ಇದು ಊರಗಲದ ಯಂತ್ರವಲ್ಲ. ದಪ್ಪ ಕಾಂಕ್ರೀಟ್ ಗೋಡೆಯ ಒಂದು ಕೋಣೆಯಲ್ಲಿ ಹಿಡಿಯುತ್ತದೆ.

ಉಳ್ಳಾಲದ ಮರಳಿನಿಂದ ಶುರು

ಈಗ ಮುಖ್ಯ ವಿಷಯ. ಈ ಯಂತ್ರ ಆಕಾಶದಿಂದ ಬೀಳಲಿಲ್ಲ. ಕರಾವಳಿಯವರು ಸಿರಿವಂತರು, ಅದಕ್ಕೆ ಸಿಕ್ಕಿತು ಅಂತ ಹೇಳುವವರು ಪೂರ್ತಿ ಕಥೆ ಕೇಳಬೇಕು.

ಆ ಭೌತಶಾಸ್ತ್ರ ವಿಭಾಗದವರು ಯಂತ್ರ ಕೇಳುವ ಮುಂಚೆ ಕಾಲ ಕೆಳಗಿನ ಮರಳು ನೋಡಿದರು. ಕ್ಯಾಂಪಸ್ಸಿನಿಂದ ಅಷ್ಟೇನೂ ದೂರವಿಲ್ಲದ ಉಳ್ಳಾಲದ ಕಡಲತೀರದಲ್ಲಿ ಮೊನಜೈಟ್ ಅನ್ನುವ ಖನಿಜ ಇದೆ, ಅದರಲ್ಲಿ ಥೋರಿಯಂ ಇರುತ್ತದೆ. ಥೋರಿಯಂ ಇದ್ದಲ್ಲಿ ಸಹಜ ವಿಕಿರಣ ಹೆಚ್ಚು. ಪ್ರೊ. ಕೆ. ಸಿದ್ದಪ್ಪ ಮತ್ತು ಅವರ ಜೊತೆಗಾರರು ಅದನ್ನು ಅಳೆದರು. ಭಾರತದ ನೈಋತ್ಯ ಕರಾವಳಿಯಲ್ಲಿ ಸಹಜ ವಿಕಿರಣ ಹೆಚ್ಚಿರುವ ಹೊಸದೊಂದು ಜಾಗ ಇದು ಅಂತ 1993ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಉತ್ತರ ಕನ್ನಡದ ಕೈಗಾದಲ್ಲಿ ಅಣುಸ್ಥಾವರ ಶುರುವಾಗುವ ಮುಂಚೆಯೇ ಅಲ್ಲಿಯ ಮಣ್ಣು, ನೀರು, ಗಿಡಗಳಲ್ಲಿ ವಿಕಿರಣ ಎಷ್ಟಿದೆ ಅಂತ ಅಳೆದು ದಾಖಲೆ ಮಾಡಿದ್ದರಲ್ಲೂ ಈ ವಿಭಾಗದ ಕೈ ಇದೆ. ನಾಳೆ ಯಾರಾದರೂ ಸ್ಥಾವರದಿಂದ ವಿಕಿರಣ ಹೆಚ್ಚಾಯಿತು ಅಂದರೆ, ಹೆಚ್ಚಾಯಿತೋ ಇಲ್ಲವೋ ಹೇಳಲು ಹಳೆಯ ಅಳತೆ ಬೇಕಲ್ಲ.

ಹೀಗೆ ಅಳೆಯುವ ಕೈ ಪಳಗಿದ ಮೇಲೆ 1990ರ ದಶಕದಲ್ಲಿ ಮೈಕ್ರೋಟ್ರಾನ್ ಬಂತು. ಹಣ ಅಣುಶಕ್ತಿ ಇಲಾಖೆಯಿಂದ. ಯಂತ್ರ ಮಾಡಿಕೊಟ್ಟದ್ದು ಇಂದೋರಿನ ಸುಧಾರಿತ ತಂತ್ರಜ್ಞಾನ ಕೇಂದ್ರ. ಆ ಕೇಂದ್ರಕ್ಕೆ 2005ರಿಂದ ರಾಜಾ ರಾಮಣ್ಣ ಅವರ ಹೆಸರಿದೆ. ರಾಮಣ್ಣ ನಮ್ಮ ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದವರು.

ಆ ಯಂತ್ರದ ಮುಂದೆ ಏನೇನು ಇಟ್ಟರು ಗೊತ್ತೇ? ಟ್ರಾನ್ಸಿಸ್ಟರುಗಳು, ಯಾಕೆಂದರೆ ಉಪಗ್ರಹದಲ್ಲಿ ಹೋಗುವ ಎಲೆಕ್ಟ್ರಾನಿಕ್ ಬಿಡಿಭಾಗ ವಿಕಿರಣಕ್ಕೆ ಎಷ್ಟು ತಡೆಯುತ್ತದೆ ಅಂತ ನೋಡಬೇಕು. ಪ್ಲಾಸ್ಟಿಕ್ ಹಾಳೆಗಳು, ಸ್ಫಟಿಕಗಳು, ಬೀಜಗಳು, ಪ್ರಯೋಗದ ಇಲಿಗಳು. ಭೌತಶಾಸ್ತ್ರದವರ ಯಂತ್ರವನ್ನು ಜೀವಶಾಸ್ತ್ರದವರು, ರಸಾಯನಶಾಸ್ತ್ರದವರು, ಬೇರೆ ವಿ.ವಿ.ಗಳವರು ಎಲ್ಲ ಬಂದು ಬಳಸಿದರು. ಒಂದು ಯಂತ್ರ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎಷ್ಟೋ ಹುಡುಗ ಹುಡುಗಿಯರಿಗೆ ಪಿಎಚ್.ಡಿ. ಕೊಟ್ಟಿತು.

ಗುಲಬರ್ಗಾದವರು ಸುಮ್ಮನೆ ಕೂತಿದ್ದರೇ?

ಇಲ್ಲ. ಇದನ್ನು ಸ್ಪಷ್ಟ ಹೇಳಬೇಕು. ಗುಲಬರ್ಗಾ ವಿ.ವಿ.ಯ ಭೌತಶಾಸ್ತ್ರ ವಿಭಾಗದವರು ಎಕ್ಸ್‌ರೇ ಮತ್ತು ಗಾಮಾ ಕಿರಣಗಳನ್ನು ಬೇರೆ ಬೇರೆ ವಸ್ತು ಎಷ್ಟು ಹೀರುತ್ತವೆ ಅಂತ ವರ್ಷಗಟ್ಟಲೆ ಅಳೆದಿದ್ದಾರೆ. ವೇಗವರ್ಧಕ ಇಲ್ಲ, ಹಾಗಾಗಿ ಸಣ್ಣ ವಿಕಿರಣ ಮೂಲಗಳನ್ನೇ ಇಟ್ಟುಕೊಂಡು ಮಾಡಿದರು. ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕುಗಳ ಮೇಲೂ ಆ ವಿ.ವಿ.ಯಲ್ಲಿ ಒಳ್ಳೆಯ ಕೆಲಸ ಆಗಿದೆ.

ಹಾಗಾದರೆ ನಮ್ಮ ಭಾಗದ ತಲೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಮ್ಮ ಪರವಾಗಿ ಕೇಳುವ ಬಾಯಿಗೆ. ನಮ್ಮ ಭಾಗದ ರಾಜಕಾರಣ ವಿ.ವಿ. ಅಂದರೆ ಕಟ್ಟಡ ಅಂದುಕೊಂಡಿತು, ಕುಲಪತಿ ಯಾವ ಜಾತಿ ಅಂತ ಕೇಳಿತು, ಸಿಂಡಿಕೇಟಿಗೆ ಯಾರು ಅಂತ ಜಗಳ ಮಾಡಿತು. ಯಾವ ಯಂತ್ರ ಬೇಕು ಅಂತ ಒಬ್ಬ ಶಾಸಕರು ಸದನದಲ್ಲಿ ಗಂಟಲು ಹರಿದುಕೊಂಡದ್ದು ನಮಗಂತೂ ನೆನಪಿಲ್ಲ. ಇದ್ದರೆ ಓದುಗರು ತಿಳಿಸಿ, ಅವರಿಗೆ ನಾವೇ ಶಾಲು ಹೊದಿಸುತ್ತೇವೆ.

"ನೀರಿಲ್ಲ, ರಸ್ತೆ ಇಲ್ಲ, ಇವರಿಗೆ ವೇಗವರ್ಧಕ ಬೇಕಂತೆ"

ಈ ಮಾತು ಬರುತ್ತದೆ ಅಂತ ಗೊತ್ತು. ಔರಾದಿನ ತಾಂಡಾದಲ್ಲಿ ಬೇಸಿಗೆಗೆ ಕೊಡ ಹಿಡಿದು ನಿಲ್ಲುವವರ ಸುದ್ದಿ ಬರೆಯುವವರೂ ನಾವೇ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಔರಾದ್ ಇದೆ, ಭಾಲ್ಕಿಯೂ ಇದೆ. ನೀರು ಬೇಕು, ರಸ್ತೆ ಬೇಕು, ಖರೆ. ಆದರೆ ನೀರು ಸಿಗುವ ತನಕ ವಿಜ್ಞಾನ ಕೇಳಬೇಡಿ ಅಂತ ಹೇಳುವವರು ಯಾರು? ತಮ್ಮ ಮಕ್ಕಳನ್ನು ಹೈದರಾಬಾದಿಗೂ ಬೆಂಗಳೂರಿಗೂ ಕಳಿಸಿದವರು. ಅವರ ಮಕ್ಕಳಿಗೆ ನೀರೂ ಇದೆ, ಲ್ಯಾಬೂ ಇದೆ.

ವೇಗವರ್ಧಕ ಅಂದರೆ ನಮಗೆ ಸಂಬಂಧವಿಲ್ಲದ ವಸ್ತು ಅಂತ ತಿಳಿದರೆ ಅದೂ ತಪ್ಪು. ನಮ್ಮ ಊರುಗಳ ಎಷ್ಟೋ ಮಂದಿ ವೇಗವರ್ಧಕದ ಕೆಳಗೆ ಮಲಗಿ ಬಂದಿದ್ದಾರೆ. ಕ್ಯಾನ್ಸರ್ ಆದವರಿಗೆ "ಕರೆಂಟ್ ಇಟ್ಟರು" ಅಂತ ಹಳ್ಳಿಯಲ್ಲಿ ಹೇಳುತ್ತೇವಲ್ಲ, ಇವತ್ತು ಬಹಳಷ್ಟು ಆಸ್ಪತ್ರೆಗಳಲ್ಲಿ ಆ ಕರೆಂಟ್ ಕೊಡುವ ಯಂತ್ರವೇ ಎಲೆಕ್ಟ್ರಾನ್ ವೇಗವರ್ಧಕ. ಅದರಲ್ಲಿ ಎಲೆಕ್ಟ್ರಾನು ವೃತ್ತದಲ್ಲಿ ತಿರುಗುವುದಿಲ್ಲ, ನೇರ ಓಡುತ್ತದೆ. ಶಕ್ತಿ ಮಾತ್ರ ಹೆಚ್ಚೂ ಕಡಿಮೆ ಕೊಣಾಜೆಯ ಯಂತ್ರದಷ್ಟೇ. ಅದಕ್ಕಾಗಿ ನಮ್ಮ ಮಂದಿ ಕಲಬುರಗಿಗೆ, ಹೈದರಾಬಾದಿಗೆ, ಮಹಾರಾಷ್ಟ್ರದ ಬಾರ್ಶಿಗೆ ಹೋಗುತ್ತಾರೆ. ವಾರಗಟ್ಟಲೆ ದಿನಾ ಕರೆಂಟ್ ಇಡಬೇಕು. ಹೊಲ ಅಡ ಇಟ್ಟು, ಆಸ್ಪತ್ರೆ ಬಾಜೂಕೆ ಖೋಲಿ ಹಿಡಿದು ಇರುತ್ತಾರೆ. ದಿನಾ ಹೋಗಿ ಬರಲಾಗದೆ ಚಿಕಿತ್ಸೆ ನಡುವೆ ಬಿಟ್ಟು ಬಂದವರ ಮನೆಗಳು ನಿಮ್ಮ ಓಣಿಯಲ್ಲೂ ಇರಬಹುದು.

ಈ ಯಂತ್ರ ತಂದು ನಿಲ್ಲಿಸಿದರೆ ಸಾಲದು. ರೋಗಿಗೆ ಎಷ್ಟು ಪ್ರಮಾಣ, ಯಾವ ಕೋನದಿಂದ, ಯಂತ್ರ ಇವತ್ತು ಸರಿಯಾಗಿ ಕೊಡುತ್ತಿದೆಯೇ ಅಂತ ಲೆಕ್ಕ ಹಾಕಿ ಅಳೆಯುವವರು ಬೇಕು. ಅವರು ಡಾಕ್ಟರಲ್ಲ, ವೈದ್ಯಕೀಯ ಭೌತವಿಜ್ಞಾನಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮುಂಬೈನ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಂಥ ಕಡೆ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಮಾಡಿದವರು ಆ ಕೆಲಸಕ್ಕೆ ಬರುತ್ತಾರೆ. ವಿಕಿರಣ ಸುರಕ್ಷತೆಯ ಅಧಿಕಾರಿ ಇಲ್ಲದೆ ಇಂಥ ಯಂತ್ರ ನಡೆಸಲು ಕಾನೂನು ಬಿಡುವುದಿಲ್ಲ. ಬಿ.ಎಸ್ಸಿ. ಮಾಡಿ ಏನು ಮಾಡಲಿ ಅಂತ ಕೇಳುವ ಭಾಲ್ಕಿಯ ಹುಡುಗಿಗೆ ಈ ದಾರಿ ಇದೆ ಅಂತ ಹೇಳಿದವರು ಯಾರು? ಹೇಳಬೇಕಾದದ್ದು ಜಿಲ್ಲೆಯ ವಿ.ವಿ.

ಇನ್ನು ಬೆಳೆ. ಟಿಎಯು-1 ಉದ್ದು ನಮ್ಮ ರೈತರಿಗೆ ಹೊಸ ಹೆಸರಲ್ಲ. 1985ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾದ ಆ ತಳಿ ಬಂದದ್ದು ಇದೇ ಭಾಭಾ ಕೇಂದ್ರದಿಂದ. ಉದ್ದಿನ ಬೀಜಕ್ಕೆ ವಿಕಿರಣ ಕೊಟ್ಟು ಪಡೆದ ಒಂದು ರೂಪಾಂತರವನ್ನು ಬೇರೆ ತಳಿಯೊಂದಿಗೆ ಕೂಡಿಸಿ ಮಾಡಿದ್ದು. ಉದ್ದು, ಹೆಸರು, ತೊಗರಿ, ಸೋಯಾ ಬೆಳೆಯುವ ಜಿಲ್ಲೆ ನಮ್ಮದು. ವಿಕಿರಣ ಅಂದರೆ ಬಾಂಬು ಅಂತ ಅಷ್ಟೇ ಗೊತ್ತಿರುವ ಜಿಲ್ಲೆಯೂ ನಮ್ಮದೇ.

ನಾವು ಸೈಕ್ಲೋಟ್ರಾನ್ ಕೇಳುತ್ತಿಲ್ಲ

ನಾಳೆಯೇ ಹಾಲಹಳ್ಳಿಗೆ ವೇಗವರ್ಧಕ ತನ್ನಿ ಅಂತ ನಾವು ಹೇಳುತ್ತಿಲ್ಲ. ತಂದು ನಿಲ್ಲಿಸಿದರೆ ಅದೂ ಬೀಗ ಹಾಕಿದ ಕೋಣೆಯ ಯಂತ್ರ ಆಗುತ್ತದೆ. ಬೀಗ ಹಾಕಿದ ಕೋಣೆಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ. ವರದಿಗೆ ಹೋದ ಪದವಿ ಕಾಲೇಜೊಂದರಲ್ಲಿ ನಾವು ಕಂಡದ್ದು: ಭೌತಶಾಸ್ತ್ರದ ಲ್ಯಾಬಿನ ಕಪಾಟಿಗೆ ಬೀಗ, ಕೀಲಿ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ, ಪಾಠಕ್ಕೆ ಒಬ್ಬ ಅತಿಥಿ ಉಪನ್ಯಾಸಕರು, ಅವರಿಗೂ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ. ಹೆಸರು ಹೇಳಿ ಒಂದು ಕಾಲೇಜಿನ ಮಾನ ಕಳೆಯುವುದು ಬೇಡ. ಓದುತ್ತಿರುವ ವಿದ್ಯಾರ್ಥಿಗಳಿಗೆ ಇದು ನಮ್ಮದೇ ಕಾಲೇಜು ಅನ್ನಿಸಿದರೆ ಅದೇ ಉತ್ತರ.

ಕೊಣಾಜೆಯ ಕಥೆಯಲ್ಲಿ ಕಲಿಯಬೇಕಾದದ್ದು ಯಂತ್ರವಲ್ಲ, ಕ್ರಮ. ಮೊದಲು ಒಂದೇ ಜಾಗದಲ್ಲಿ ಹತ್ತು ಹದಿನೈದು ವರ್ಷ ನಿಲ್ಲುವ ಮೇಷ್ಟ್ರುಗಳು. ಆಮೇಲೆ ಕಾಲ ಕೆಳಗಿನ ವಿಷಯ. ಆಮೇಲೆ ಯಂತ್ರ. ಹತ್ತು ತಿಂಗಳಿಗೊಮ್ಮೆ ಬದಲಾಗುವ ಅತಿಥಿ ಉಪನ್ಯಾಸಕರಿಂದ ಯಾವ ಸಂಶೋಧನೆ ಬೆಳೆದೀತು? ತಪ್ಪು ಅವರದಲ್ಲ. ಬಿತ್ತಿದವನನ್ನು ಕಳೆ ತೆಗೆಯುವ ಮುಂಚೆ ಹೊಲದಿಂದ ಓಡಿಸಿದರೆ ರಾಶಿ ಎಲ್ಲಿಂದ ಬರಬೇಕು?

ಯಂತ್ರ ಹೊಸದೇ ಆಗಬೇಕು ಅಂತಲೂ ಇಲ್ಲ. ಚಂಡೀಗಢದ ಪಂಜಾಬ್ ವಿ.ವಿ.ಯವರು ಅಮೆರಿಕದ ರಾಚೆಸ್ಟರ್ ವಿ.ವಿ. ಬಳಸಿ ಬಿಟ್ಟ ಸೈಕ್ಲೋಟ್ರಾನನ್ನು ತಂದು, ಜೋಡಿಸಿ, ತಮ್ಮ ವಿದ್ಯಾರ್ಥಿಗಳನ್ನು ತಯಾರು ಮಾಡಿದರು. ಯಂತ್ರ ಸ್ವಂತದ್ದೇ ಆಗಬೇಕು ಅಂತಲೂ ಇಲ್ಲ. ದೆಹಲಿಯಲ್ಲಿ ಯುಜಿಸಿ 1984ರಲ್ಲಿ ಕಟ್ಟಿದ ಕೇಂದ್ರ ಇರುವುದೇ ಅದಕ್ಕೆ: ದೇಶದ ಯಾವ ವಿ.ವಿ.ಯವರಾದರೂ ಬಂದು ಅಲ್ಲಿಯ ವೇಗವರ್ಧಕ ಬಳಸಬಹುದು. ಈಗ ಅದರ ಹೆಸರು ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ. ಅಲ್ಲಿಗೆ ಅರ್ಜಿ ಹಾಕಲು ಬೇಕಾದದ್ದು ಒಂದು ಒಳ್ಳೆಯ ಪ್ರಶ್ನೆ, ಅದನ್ನು ತಿದ್ದಿ ಕೊಡುವ ಒಬ್ಬ ಮೇಷ್ಟ್ರು.

ದುಡ್ಡಿಲ್ಲ ಅನ್ನಬೇಡಿ

ಹೊಸ ವಿ.ವಿ.ಗಳನ್ನು ಶುರು ಮಾಡಿದಾಗ ತಲಾ 2 ಕೋಟಿ ರೂಪಾಯಿ ಅಂದರು. ಊರಿಗೊಂದು ಸಮುದಾಯ ಭವನ ಕಟ್ಟುವ ಹಣ ಅದು. ಅದೇ ಸರ್ಕಾರಿ ಕಡತಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್ಟಿನಲ್ಲಿ ಘೋಷಣೆ ಆಗಿದೆ. 371(ಜೆ) ಬಂದು ಹತ್ತು ವರ್ಷ ದಾಟಿತು. ಸೀಟು ಸಿಕ್ಕವು, ನೌಕರಿಯಲ್ಲಿ ಪಾಲು ಸಿಕ್ಕಿತು, ಅದಕ್ಕಾಗಿ ಹೋರಾಡಿದವರಿಗೆ ನಮಸ್ಕಾರ. ಆದರೆ ಮಂಡಳಿಯ ಹಣದಲ್ಲಿ ಎದ್ದ ಕಾಂಪೌಂಡು, ಕಮಾನು, ಭವನಗಳನ್ನು ಎಣಿಸಿ ನೋಡಿ. ಪ್ರಯೋಗಾಲಯಗಳನ್ನೂ ಎಣಿಸಿ. ಎರಡನೇ ಲೆಕ್ಕ ಬೇಗ ಮುಗಿಯುತ್ತದೆ.

ನಮ್ಮ ಬೇಡಿಕೆ ನಾಲ್ಕೇ.

ಒಂದು, ಬೀದರ್ ವಿ.ವಿ.ಗೆ ಮತ್ತು ಜಿಲ್ಲೆಯ ಸರ್ಕಾರಿ ಪದವಿ ಕಾಲೇಜುಗಳ ವಿಜ್ಞಾನ ವಿಭಾಗಗಳಿಗೆ ಕಾಯಂ ಅಧ್ಯಾಪಕರು.

ಎರಡು, ಮಂಡಳಿಯ ಹಣದಲ್ಲಿ ಪ್ರಯೋಗಾಲಯಕ್ಕೆ ಅಂತ ಪ್ರತಿವರ್ಷ ಮೀಸಲು ಪಾಲು, ಕಟ್ಟಡಕ್ಕೆ ಅಲ್ಲ, ಉಪಕರಣಕ್ಕೆ ಮತ್ತು ಅದರ ರಿಪೇರಿಗೆ.

ಮೂರು, ಕೊಣಾಜೆ, ಇಂದೋರ್, ದೆಹಲಿಯ ಕೇಂದ್ರಗಳೊಂದಿಗೆ ಒಪ್ಪಂದ. ವರ್ಷಕ್ಕೆ ಒಂದು ತಂಡವಾದರೂ ಇಲ್ಲಿಂದ ಹೋಗಿ ಕೆಲಸ ಕಲಿತು ಬರಲಿ. ರೈಲು ಚಾರ್ಜು, ಊಟ, ವಸತಿ ವಿ.ವಿ. ಕೊಡಲಿ. ಔರಾದಿನಿಂದ ಬೀದರ್ 40 ಕಿ.ಮೀ. ಬಸ್ಸಿಗೇ ಲೆಕ್ಕ ಹಾಕುವ ಮನೆಯ ಮಕ್ಕಳು ಸ್ವಂತ ಖರ್ಚಿನಲ್ಲಿ ಇಂದೋರಿಗೆ ಹೋಗುವುದಿಲ್ಲ.

ನಾಲ್ಕು, ನಮ್ಮ ಕಾಲ ಕೆಳಗಿನ ವಿಷಯದಿಂದ ಶುರು ಮಾಡಿ. ಉಳ್ಳಾಲದವರಿಗೆ ಮರಳು ಇತ್ತು. ನಮಗೆ ಜಂಬಿಟ್ಟಿಗೆ ಕಲ್ಲು ಇದೆ, ಎರೆಮಣ್ಣು ಇದೆ, ಕೊರೆದಷ್ಟೂ ಆಳಕ್ಕೆ ಹೋಗುವ ಬೋರಿನ ನೀರಿದೆ, ಉದ್ದು ತೊಗರಿ ಇದೆ. ಅಳೆಯಲು ಶುರು ಮಾಡಿದರೆ ಹತ್ತು ವರ್ಷಕ್ಕೆ ಆಗುವಷ್ಟು ಕೆಲಸ ಹಾಲಹಳ್ಳಿಯ ಸುತ್ತಲೇ ಇದೆ.

ಬೋರ್ಡಿನ ಮಾತು

ಈ ನೆಲಕ್ಕೆ ವಿದ್ಯೆ ಹೊಸದಲ್ಲ. ಬೀದರಿನ ನಡು ಊರಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ್ದು 1472ರಲ್ಲಿ. ದೂರ ದೂರದಿಂದ ಪಂಡಿತರನ್ನು ಕರೆಸಿದ, ಗ್ರಂಥಾಲಯ ಮಾಡಿದ. ಗೋಡೆಯ ಬಣ್ಣದ ಹೆಂಚಿನ ಫೋಟೋ ತೆಗೆಯುವ ಮಂದಿಗೆ ಹೇಳಬೇಕು: ಅದು ಹೆಸರಾದದ್ದು ಹೆಂಚಿನಿಂದ ಅಷ್ಟೇ ಅಲ್ಲ, ಒಳಗೆ ಓದಿಸುತ್ತಿದ್ದವರಿಂದ.

ಇನ್ನೊಂದು ಬೋರ್ಡಿನ ಕಥೆ ಭಾಲ್ಕಿಯವರಿಗೆ ಹೇಳಿಕೊಡಬೇಕಾಗಿಲ್ಲ. ನಿಜಾಮನ ಕಾಲದಲ್ಲಿ ಕನ್ನಡ ಕಲಿಸುವುದು ಕಷ್ಟವಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬೋರ್ಡು ಯಾವುದೇ ಇರಲಿ, ಒಳಗಿನ ಪಾಠ ನಿಲ್ಲಬಾರದು ಅನ್ನುವುದು ಅವರ ಹಟ. ಆ ಪಾಠದಿಂದಲೇ ಈ ಗಡಿಯಲ್ಲಿ ಕನ್ನಡ ಉಳಿಯಿತು, ನೀವು ಈ ಬರಹವನ್ನು ಓದುತ್ತಿದ್ದೀರಿ.

ಇವತ್ತು ಬೋರ್ಡಿಗೆ ಯಾರ ಅಡ್ಡಿಯೂ ಇಲ್ಲ. ದೊಡ್ಡ ಅಕ್ಷರದಲ್ಲಿ, ಚೆಂದ ಕನ್ನಡದಲ್ಲಿ ವಿಶ್ವವಿದ್ಯಾಲಯ ಅಂತ ಬರೆದಿದೆ. ಮುಂದಿನ ಸಲ ಶಾಸಕರು, ಸಂಸದರು, ಉಸ್ತುವಾರಿ ಮಂತ್ರಿಗಳು ನಿಮ್ಮೂರಿಗೆ ಬಂದಾಗ ರಸ್ತೆ ಕೇಳಿ, ನೀರು ಕೇಳಿ, ಬಿಡಬೇಡಿ. ಅದರ ಜೊತೆಗೆ ಇದನ್ನೂ ಕೇಳಿ: ಹಾಲಹಳ್ಳಿಯ ಲ್ಯಾಬಿಗೆ ಈ ವರ್ಷ ಏನು ಬಂತು, ಎಷ್ಟು ಮಂದಿ ಕಾಯಂ ಮೇಷ್ಟ್ರು ಬಂದರು? ಉತ್ತರ ಏನು ಬಂತು ಅಂತ ನಮಗೆ ತಿಳಿಸಿ. ಅದನ್ನೂ ಇಲ್ಲೇ ಬರೆಯುತ್ತೇವೆ.